ಗುರುಪುರದ ಕಾಗದಗಳು, ಕೈರೋದ ಕೋಣೆ



ಕರ್ನಾಟಕದಲ್ಲಿ ಗುರುಪುರ ಎಂಬ ಹೆಸರಿನ ಊರು ಒಂದಕ್ಕಿಂತ ಹೆಚ್ಚು ಕಡೆ ಇದೆ. ಅವುಗಳಲ್ಲಿ ಎರಡನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ಮೊದಲನೆಯದು ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಗುರುಪುರ. ತಮ್ಮ ದೇಶವನ್ನು ಬಿಟ್ಟು ಬಂದ ಟಿಬೆಟನ್ನರು 1970ರ ದಶಕದಿಂದ ಅಲ್ಲಿ ನೆಲೆಸಿದ್ದಾರೆ. ಆ ನೆಲೆಯನ್ನು ಅವರು ರಬ್‌ಗ್ಯೇಲಿಂಗ್ ಎಂದು ಕರೆಯುತ್ತಾರೆ. ಎರಡನೆಯದು ಮಂಗಳೂರಿನ ಬಳಿಯ ಗುರುಪುರ. ಅದರ ಪಕ್ಕದಲ್ಲಿ ಹರಿಯುವ ಫಲ್ಗುಣಿ ನದಿಯನ್ನು ಜನ ಗುರುಪುರ ಹೊಳೆ ಎಂದೇ ಕರೆಯುವುದು ರೂಢಿ. ಆ ಹೊಳೆ ಮಂಗಳೂರಿನಲ್ಲಿ ನೇತ್ರಾವತಿಯ ಜೊತೆ ಸಮುದ್ರ ಸೇರುತ್ತದೆ. ಆ ಅಳಿವೆಯ ಬಂದರಿನಲ್ಲಿ, ಸುಮಾರು 900 ವರ್ಷಗಳ ಹಿಂದೆ, ಒಬ್ಬ ಯಹೂದಿ ವ್ಯಾಪಾರಿ ಮನೆ ಮಾಡಿಕೊಂಡು ಹಲವು ವರ್ಷ ಬಾಳಿದ.

ಟಿಬೆಟನ್ನರಿಗೂ ಯಹೂದಿಗಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ರಕ್ತ, ಭಾಷೆ, ಧರ್ಮ ಯಾವುದರಲ್ಲೂ ಸಂಬಂಧವಿಲ್ಲ. ಆದರೆ ಇಬ್ಬರ ಮುಂದೆಯೂ ಇರುವ ಪ್ರಶ್ನೆ ಒಂದೇ. ಸಂಖ್ಯೆಯಲ್ಲಿ ಸಣ್ಣದಾದ, ಬೇರೆ ನೆಲದಿಂದ ಬಂದ, ಮುಂದೊಂದು ದಿನ ಇಲ್ಲಿಂದಲೂ ಹೊರಟುಹೋಗಬಹುದಾದ ಒಂದು ಸಮುದಾಯದ ಚರಿತ್ರೆ ಉಳಿಯುವುದು ಹೇಗೆ? ಅದನ್ನು ಉಳಿಸಬೇಕಾದವರು ಯಾರು? ಮಂಗಳೂರಿನ ಆ ವ್ಯಾಪಾರಿಯ ಕತೆ ಈ ಪ್ರಶ್ನೆಗೆ ಒಂದು ಉತ್ತರ ಕೊಡುತ್ತದೆ. ಆ ಉತ್ತರ ಹುಣಸೂರು, ಪಿರಿಯಾಪಟ್ಟಣದ ನಿಮಗೂ ಬಹಳ ಹತ್ತಿರದ್ದು. ಆದ್ದರಿಂದ ಮೊದಲು ಆ ಕತೆಯನ್ನೇ ನೋಡೋಣ.

ಮಂಗಳೂರಿನಲ್ಲೊಂದು ಬಿಡುಗಡೆ ಪತ್ರ

ವ್ಯಾಪಾರಿಯ ಹೆಸರು ಅಬ್ರಹಾಂ ಬೆನ್ ಯಿಜು. ಹುಟ್ಟಿದ್ದು ಉತ್ತರ ಆಫ್ರಿಕದ, ಈಗಿನ ಟ್ಯುನೀಸಿಯಾ ದೇಶದ ಮಹ್ದಿಯಾ ಎಂಬ ರೇವುಪಟ್ಟಣದಲ್ಲಿ. ಕೆಂಪು ಸಮುದ್ರದ ಬಾಯಲ್ಲಿರುವ ಏಡನ್ ಬಂದರಿಗೆ ಬಂದು, ಅಲ್ಲಿನ ದೊಡ್ಡ ವರ್ತಕ ಮದ್ಮೂನ್ ಎಂಬುವನ ಆಶ್ರಯದಲ್ಲಿ ವ್ಯಾಪಾರದ ಪಟ್ಟು ಕಲಿತ. ಅನಂತರ ಮಳೆಗಾಳಿಯ ಬೆನ್ನೇರಿ ನಮ್ಮ ಕರಾವಳಿಗೆ ಬಂದ. ಆಗ ತುಳುನಾಡನ್ನು ಆಳುತ್ತಿದ್ದವರು ಆಳುಪರು.

ಬೆನ್ ಯಿಜು ಮಂಗಳೂರಿನಲ್ಲಿದ್ದ ಎಂಬುದಕ್ಕೆ ನಮಗಿರುವ ಮೊದಲ ಖಚಿತ ದಾಖಲೆ 1132ರ ಅಕ್ಟೋಬರ್ 17ರದು. ಅದೊಂದು ಬಿಡುಗಡೆ ಪತ್ರ. ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡುಗಡೆ ಮಾಡಿದ್ದೇನೆ ಎಂದು ಅವನು ಮಂಗಳೂರಿನಲ್ಲಿ ಬರೆದುಕೊಟ್ಟ ಪತ್ರ. ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರನ್ನೂ ಇಟ್ಟ. ಮುಂದೆ ಅವಳನ್ನೇ ಮದುವೆಯಾದ ಎಂಬುದು ವಿದ್ವಾಂಸರಲ್ಲಿ ಸಾಮಾನ್ಯವಾಗಿರುವ ಅಭಿಪ್ರಾಯ. ಅವನ ಲೆಕ್ಕದ ಹಾಳೆಯಲ್ಲಿ ಆಶುವಿನ ಸಹೋದರ ‘ನಾಯರ್’ ಎಂಬ ಮಾತೂ ಬರುತ್ತದೆ.

ಬೆನ್ ಯಿಜು ಇಲ್ಲಿಂದ ಏಡನ್ನಿಗೆ ಅಡಿಕೆ, ಮೆಣಸು, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ. ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಸಾಬೂನು ಮತ್ತು ಮುಖ್ಯವಾಗಿ ಬರೆಯುವ ಕಾಗದ ಬರುತ್ತಿತ್ತು. ನಮ್ಮಲ್ಲಿ ಆಗ ತಾಳೆಗರಿಯ ಕಾಲ. ಕಾಗದ ಬೇಕೆಂದರೆ ಹಡಗಿನಲ್ಲೇ ಬರಬೇಕು. ಆದ್ದರಿಂದ ಒಂದು ಚೂರು ಕಾಗದವನ್ನೂ ಅವನು ಹಾಳು ಮಾಡುತ್ತಿರಲಿಲ್ಲ. ಬಂದ ಪತ್ರದ ಹಿಂಬದಿಯಲ್ಲಿ ಲೆಕ್ಕ, ಅಂಚಿನಲ್ಲಿ ಪದ್ಯ. ಇದು ಅವನ ಪದ್ಧತಿ.

ಅವನದೊಂದು ಕಂಚಿನ ಪಾತ್ರೆಗಳ ಕಾರ್ಖಾನೆಯೂ ಇತ್ತು. ಏಡನ್ನಿನ ಗೆಳೆಯರು ಹಳೆಯ ತಾಮ್ರ, ಒಡೆದ ಪಾತ್ರೆಗಳನ್ನು ಹಡಗಿಗೆ ಹಾಕಿ ಕಳಿಸುತ್ತಿದ್ದರು. ಇಲ್ಲಿನ ಕಂಚುಗಾರರು ಅವನ್ನು ಕರಗಿಸಿ ಹೊಸ ಸಾಮಾನು ಮಾಡಿಕೊಡುತ್ತಿದ್ದರು. ಒಬ್ಬ ಗೆಳೆಯ ದೀಪವೊಂದಕ್ಕೆ ಬರೆದ ಬೇಡಿಕೆ ಹೀಗಿದೆ: ಕಂಬ ದಪ್ಪಗಿದ್ದು ಎಂಟು ಮುಖದ್ದಾಗಿರಬೇಕು, ಕಾಲುಗಳು ಗಟ್ಟಿಯಾಗಿರಬೇಕು, ಮೇಲೆ ಎರಡು ಬತ್ತಿ ಇಡುವಂತೆ ತಾಮ್ರದ ಹಣತೆ ಇರಬೇಕು. ಈಗಲೂ ಅಕ್ಕಸಾಲಿಯ ಮುಂದೆಯೋ ಬಡಗಿಯ ಮುಂದೆಯೋ ಕೂತು ಹೀಗೆ ಹೇಳುವವರನ್ನು ನೀವು ನೋಡಿದ್ದೀರಿ, ಅಲ್ಲವೇ?

ಜಗಳಗಳೂ ಇದ್ದವು. ಏಲಕ್ಕಿ ಕೊಡುತ್ತೇನೆಂದು ಮುಂಗಡ ಹಣ ಪಡೆದ ಒಬ್ಬ ಮಧ್ಯವರ್ತಿ ಸರಕನ್ನೂ ಕೊಡಲಿಲ್ಲ, ಹಣವನ್ನೂ ಹಿಂದಿರುಗಿಸಲಿಲ್ಲ. ಅವನಿಗೆ ಸ್ವಲ್ಪ ಹೆದರಿಕೆ ಹುಟ್ಟಿಸು ಎಂದು ಏಡನ್ನಿನಿಂದ ಪತ್ರ ಬರುತ್ತದೆ. ರಾಜರ ಶಾಸನಗಳಲ್ಲಿ ಇಂಥ ಸಂಗತಿಗಳು ನಿಮಗೆ ಸಿಗುವುದಿಲ್ಲ. ಶಾಸನ ದಾನವನ್ನು ಹೇಳುತ್ತದೆ, ಗೆಲುವನ್ನು ಹೇಳುತ್ತದೆ. ಬಾಕಿಯಾದ ಮುಂಗಡ, ಬರಬೇಕಾದ ಸಾಬೂನು, ಎರಡು ಬತ್ತಿಯ ದೀಪ ಇವೆಲ್ಲ ಕಾಗದದಲ್ಲೇ ಉಳಿಯಬೇಕು.

1149ರಲ್ಲಿ ಬೆನ್ ಯಿಜು ಮಕ್ಕಳೊಂದಿಗೆ ಏಡನ್ನಿಗೆ ಮರಳಿದ. ಅದಕ್ಕೆ ಒಂದು ವರ್ಷ ಮೊದಲು, 1148ರಲ್ಲಿ, ಸಿಸಿಲಿಯ ದೊರೆ ರೋಜರನ ಪಡೆ ಅವನ ಹುಟ್ಟೂರು ಮಹ್ದಿಯಾವನ್ನು ಗೆದ್ದುಕೊಂಡಿತ್ತು. ಒಡಹುಟ್ಟಿದವರು ದಿಕ್ಕಾಪಾಲಾಗಿದ್ದರು. ಬದುಕಿದ್ದೇನೆ, ನನ್ನಲ್ಲಿ ಎಲ್ಲರಿಗೂ ಆಗುವಷ್ಟಿದೆ, ಬನ್ನಿ ಎಂಬ ಅರ್ಥದಲ್ಲಿ ಅವರಿಗೆ ಪತ್ರ ಬರೆದ. ಕೊನೆಗೆ 1156ರಲ್ಲಿ ಅವನ ಮಗಳಿಗೂ ಅಣ್ಣತಮ್ಮಂದಿರ ಕಡೆಯ ಒಬ್ಬ ಹುಡುಗನಿಗೂ ಈಜಿಪ್ಟಿನಲ್ಲಿ ಮದುವೆಯಾಯಿತು.

ಎಸೆಯಲಾಗದ ಕಾಗದಗಳ ಕೋಣೆ

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. 900 ವರ್ಷಗಳ ಹಿಂದಿನ ಒಬ್ಬ ಸಾಧಾರಣ ವರ್ತಕನ ಸಾಬೂನಿನ ಲೆಕ್ಕ ನಮಗೆ ತಿಳಿದದ್ದು ಹೇಗೆ?

ಹಳೆಯ ಕೈರೋದ ಫುಸ್ತಾತ್ ಎಂಬಲ್ಲಿ ಬೆನ್ ಎಜ್ರಾ ಎಂಬ ಯಹೂದಿ ಪ್ರಾರ್ಥನಾ ಮಂದಿರವಿದೆ. ದೇವರ ಹೆಸರಿರಬಹುದಾದ ಬರಹವನ್ನು ಹರಿದು ಎಸೆಯಬಾರದು, ಸುಡಬಾರದು ಎಂಬುದು ಯಹೂದಿಗಳ ಸಂಪ್ರದಾಯ. ಬಳಸಿ ಮುಗಿದ ಕಾಗದಗಳನ್ನು ಒಂದು ಕೋಣೆಯಲ್ಲಿಟ್ಟು ಮುಂದೆ ಮಣ್ಣು ಮಾಡುತ್ತಾರೆ. ಆ ಕೋಣೆಗೆ ಗೆನೀಜಾ ಎಂದು ಹೆಸರು. ಫುಸ್ತಾತಿನ ಜನ ಹೀಬ್ರೂ ಅಕ್ಷರದಲ್ಲಿ ಬರೆದದ್ದನ್ನೆಲ್ಲ, ಅದು ಧರ್ಮಗ್ರಂಥವೋ ಅಂಗಡಿ ಚೀಟಿಯೋ ಎಂದು ನೋಡದೆ, ಆ ಕೋಣೆಗೆ ಹಾಕುತ್ತಾ ಬಂದರು. ಮಣ್ಣು ಮಾಡುವ ಕೆಲಸ ಮಾತ್ರ ನಡೆಯಲೇ ಇಲ್ಲ. ನೂರಾರು ವರ್ಷಗಳ ಕಾಗದ ಹಾಗೇ ರಾಶಿಬಿತ್ತು. ಬೆನ್ ಯಿಜುವಿನ ಕಾಗದಗಳೂ ಆ ರಾಶಿಗೆ ಸೇರಿದವು.

ನಮ್ಮಲ್ಲೂ ಬರಹದ ಮೇಲೆ ಇಂಥದೇ ಭಕ್ತಿ ಇದೆ. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಆದರೆ ಜೀರ್ಣವಾದ ತಾಳೆಗರಿಯ ಕಟ್ಟನ್ನು ಎಷ್ಟೋ ಮನೆಗಳಲ್ಲಿ ಅದೇ ಭಕ್ತಿಯಿಂದ ಹೊಳೆಗೆ ಬಿಟ್ಟರು. ಟಿಬೆಟನ್ನರಲ್ಲೂ ಈ ಭಾವನೆ ಬಲವಾಗಿದೆ. ಅವರು ಗ್ರಂಥವನ್ನು ನೆಲದ ಮೇಲಿಡುವುದಿಲ್ಲ, ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಮಂತ್ರ ಬರೆದ ಸುರುಳಿಗಳನ್ನು ಸ್ತೂಪದ ಒಳಗೂ ವಿಗ್ರಹದ ಒಳಗೂ ಇಡುತ್ತಾರೆ. ಭಕ್ತಿ ಮೂರು ಕಡೆಯೂ ಇದೆ. ಕಾಗದ ಉಳಿದದ್ದು ಅದನ್ನು ಕೂಡಿಟ್ಟ ಕಡೆ.

1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು ಈಜಿಪ್ಟ್ ಕಡೆಯಿಂದ ಕೆಲವು ಹಾಳೆಗಳನ್ನು ಕೊಂಡು ತಂದು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ವಿದ್ವಾಂಸ ಸೊಲೊಮನ್ ಶೆಕ್ಟರ್ ಅವರಿಗೆ ತೋರಿಸಿದರು. ಶೆಕ್ಟರ್ ಆ ವರ್ಷವೇ ಕೈರೋಗೆ ಹೋದರು. ಸಮುದಾಯದ ಹಿರಿಯರ ಒಪ್ಪಿಗೆ ಪಡೆದು, ಕತ್ತಲೆ ಕೋಣೆಯ ಧೂಳಿನಲ್ಲಿ ವಾರಗಟ್ಟಲೆ ಕೂತು, 1897ರಲ್ಲಿ ರಾಶಿಯ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಅಲ್ಲಿ ಈಗ ಇರುವುದು ಸುಮಾರು 1,93,000 ತುಣುಕುಗಳು. ಉಳಿದವು ಆಕ್ಸ್‌ಫರ್ಡ್, ನ್ಯೂಯಾರ್ಕ್, ಸೇಂಟ್ ಪೀಟರ್ಸ್‌ಬರ್ಗ್ ಮುಂತಾದ ಕಡೆ ಚದುರಿಹೋದವು. ಆಶುವಿನ ಬಿಡುಗಡೆ ಪತ್ರ ಇರುವುದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಒಂದು ಮನೆಯ ಕಾಗದ ಮೂರು ದೇಶಕ್ಕೆ ಹಂಚಿಹೋದರೆ ಓದುವವರ ಪಾಡೇನು ಎಂದು ಯೋಚಿಸಿ.

ಮೂರು ಅಕ್ಷರದ ಹೆಸರು

ಈ ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಕೊಂಕಣಿಯನ್ನು ನಾವು ಕನ್ನಡ ಲಿಪಿಯಲ್ಲಿ ಬರೆಯುವುದಿಲ್ಲವೇ, ಹಾಗೆ. ಇವನ್ನು ಓದುವುದಕ್ಕೆ ಜೀವಮಾನವನ್ನೇ ಕೊಟ್ಟವರು ಎಸ್. ಡಿ. ಗಾಯ್ಟೈನ್. ಜರ್ಮನಿಯಲ್ಲಿ 1900ರಲ್ಲಿ ಹುಟ್ಟಿದ ಅವರು, ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನೆಲ್ಲ ಹುಡುಕಿ ಒಂದೆಡೆ ತರಲು 1950ರ ಸುಮಾರಿಗೆ ತೊಡಗಿದರು. 1985ರಲ್ಲಿ ಅವರು ತೀರಿಕೊಂಡಾಗಲೂ ಕೆಲಸ ಮುಗಿದಿರಲಿಲ್ಲ. ಅವರ ಶಿಷ್ಯ ಮೊರ್ದೆಖೈ ಫ್ರೀಡ್ಮನ್ ಅದನ್ನು ಮುಂದುವರಿಸಿ 2008ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು.

ಈ ಪತ್ರಗಳಲ್ಲಿ ಬೆನ್ ಯಿಜುವಿನ ಒಬ್ಬ ದಾಸನ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ದಾಸ ಎಂದರೂ ಅವನು ಯಜಮಾನನ ಪರವಾಗಿ ಸಮುದ್ರ ದಾಟಿ ಏಡನ್ನಿಗೆ ಹೋಗಿ ವ್ಯವಹಾರ ಮಾಡಿಕೊಂಡು ಬರುತ್ತಿದ್ದವನು. ಏಡನ್ನಿನ ವರ್ತಕರು ಪತ್ರದ ಕೊನೆಯಲ್ಲಿ ಅವನಿಗೂ ಕ್ಷೇಮ ಕೋರುತ್ತಾರೆ. ಅವನ ಹೆಸರು ಮೂರೇ ಅಕ್ಷರ: ಬ, ಮ, ಹ. ಹೀಬ್ರೂವಿನಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾದ್ದರಿಂದ ಅದನ್ನು ಬಾಮ ಎಂದು ಓದುತ್ತಿದ್ದರು.

ಲೇಖಕ ಅಮಿತಾವ್ ಘೋಷ್ ಈ ಹೆಸರಿನ ಜಾಡು ಹಿಡಿದು ಮಂಗಳೂರಿಗೆ ಬಂದರು. ಮಂಗಳೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೂ ತುಳು ಜಾನಪದದ ವಿದ್ವಾಂಸರೂ ಆಗಿದ್ದ ಬಿ. ಎ. ವಿವೇಕ ರೈ ಅವರ ನೆರವು ಪಡೆದರು. ಆಗ ಆ ಮೂರು ಅಕ್ಷರಗಳ ಹಿಂದಿನ ಹೆಸರು ಹೊಳೆಯಿತು. ಅದು ಬೊಮ್ಮ. ತುಳುನಾಡಿನಲ್ಲೂ ಕನ್ನಡ ನಾಡಿನಲ್ಲೂ ಬಳಕೆಯಲ್ಲಿದ್ದ ಅಪ್ಪಟ ನಮ್ಮ ಹೆಸರು. 1992ರಲ್ಲಿ ಘೋಷ್ ಬರೆದ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಪುಸ್ತಕದಲ್ಲಿ ಈ ಶೋಧದ ವಿವರಗಳಿವೆ.

ಇಲ್ಲಿ ಸ್ವಲ್ಪ ನಿಲ್ಲಿ. ಕೈರೋದಲ್ಲಿ ಸಿಕ್ಕಿ, ದೂರದ ಗ್ರಂಥಾಲಯಗಳಲ್ಲಿ ಉಳಿದ ಕಾಗದದ ಒಂದು ಪದ, ಅದನ್ನು ಬರೆದ ಊರಿನ ಭಾಷೆ ಬಲ್ಲವರ ಕಿವಿಗೆ ಬೀಳುವವರೆಗೆ ಅರ್ಥವಾಗಲಿಲ್ಲ. ಕಾಗದ ಉಳಿದರೆ ಸಾಲದು, ಬೇರೆ ಬೇರೆ ತಿಳಿವಳಿಕೆಯ ಜನರಿಗೆ ಅದು ಸಿಗುವಂತೆಯೂ ಇರಬೇಕು. ಸಾರ್ವಜನಿಕ ಪತ್ರಾಗಾರದ ಅಗತ್ಯ ಇರುವುದೇ ಇಲ್ಲಿ. ಒಬ್ಬರ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೆ ಬೊಮ್ಮ ಇವತ್ತಿಗೂ ಬಾಮನೇ. ಕೇಂಬ್ರಿಜ್ ಗ್ರಂಥಾಲಯ ತನ್ನಲ್ಲಿರುವ ತುಣುಕುಗಳ ಚಿತ್ರಗಳನ್ನು ಅಂತರಜಾಲದಲ್ಲಿಟ್ಟಿದೆ. ಹುಣಸೂರಿನಲ್ಲಿ ಕೂತು ನೀವೂ ನೋಡಬಹುದು.

ಮೈಸೂರಿನಲ್ಲೇ ಇದಕ್ಕೆ ಇನ್ನೊಂದು ನಿದರ್ಶನವಿದೆ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ತಾಳೆಗರಿ ಕಟ್ಟನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂದುಕೊಟ್ಟರು. ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ಅದನ್ನು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಆ ಪಂಡಿತರು ಅದನ್ನು ಅಟ್ಟದಲ್ಲೇ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಊಹಿಸಿಕೊಳ್ಳಿ.

ಕಾಗದದ ಆಯುಸ್ಸು

ಕೈರೋದಲ್ಲಿ ಕಾಗದ ಉಳಿಯಲು ಭಕ್ತಿಯ ಜೊತೆಗೆ ಹವೆಯೂ ಕಾರಣ. ಕೈರೋದಲ್ಲಿ ವರ್ಷಕ್ಕೆ ಬೀಳುವ ಮಳೆ 25 ಮಿಲಿಮೀಟರಿನ ಆಸುಪಾಸು. ಮಂಗಳೂರಿನಲ್ಲಿ 3,500 ಮಿಲಿಮೀಟರಿಗೂ ಹೆಚ್ಚು. ಗಾಳಿಯ ತೇವಾಂಶ ಶೇಕಡಾ 65ನ್ನು ಮೀರಿ ಬಹಳ ದಿನ ನಿಂತರೆ ಕಾಗದಕ್ಕೆ ಬೂಷ್ಟು ಹತ್ತತೊಡಗುತ್ತದೆ. ಹಿಂದೆಯೇ ಹುಳ ಬರುತ್ತದೆ, ಗೆದ್ದಲು ಬರುತ್ತದೆ. ಬೆನ್ ಯಿಜು ತನ್ನ ಕಾಗದಗಳನ್ನು ಮಂಗಳೂರಿನಲ್ಲೇ ಬಿಟ್ಟುಹೋಗಿದ್ದರೆ ನಾಲ್ಕು ಮಳೆಗಾಲಕ್ಕೇ ಅವು ಮಣ್ಣಾಗುತ್ತಿದ್ದವು.

ಇನ್ನೊಂದು ಕಾರಣ ಆ ಕಾಗದದ ಗುಣ. ಆ ಕಾಲದಲ್ಲಿ ನಾರುಬಟ್ಟೆಯ ಚಿಂದಿಯನ್ನು ಅರೆದು ಕಾಗದ ಮಾಡುತ್ತಿದ್ದರು. ಈಗಿನ ಅಗ್ಗದ ಕಾಗದ ಮರದ ತಿರುಳಿನದು. ಅದರಲ್ಲಿ ಉಳಿಯುವ ಲಿಗ್ನಿನ್ ಎಂಬ ವಸ್ತು ಬೆಳಕಿಗೂ ಗಾಳಿಗೂ ಸಿಕ್ಕಿ ಆಮ್ಲ ಹುಟ್ಟಿಸುತ್ತದೆ. ಅದರಿಂದಲೇ ಹಳೆಯ ದಿನಪತ್ರಿಕೆ ಹಳದಿಯಾಗಿ, ಮಡಿಸಿದರೆ ಮುರಿಯುತ್ತದೆ. ಅಂಗಡಿಯಲ್ಲಿ ಕೊಡುವ ಯಂತ್ರದ ರಸೀದಿಯ ಅಕ್ಷರ ಕೆಲವೇ ವರ್ಷಗಳಲ್ಲಿ ಮಾಸಿಹೋಗುತ್ತದೆ. ಹೀಗಾಗಿ 900 ವರ್ಷದ ಹಿಂದಿನ ಸಾಬೂನಿನ ಲೆಕ್ಕ ನಮ್ಮ ಕೈಯಲ್ಲಿದೆ, ಹೋದ ವರ್ಷ ಕೊಂಡ ಸಾಬೂನಿನ ರಸೀದಿ ಇಲ್ಲ.

ದೃಶ್ಯ ಮತ್ತು ಧ್ವನಿಯ ಸ್ಥಿತಿ ಇನ್ನೂ ಕಷ್ಟ. ಟೆಲಿವಿಷನ್ ಕೆಲಸದಲ್ಲಿರುವ ನಮಗೆ ಇದು ದಿನನಿತ್ಯದ ಅನುಭವ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಪ್ರಪಂಚದ ಎಷ್ಟೋ ವಾಹಿನಿಗಳು ಹಳೆಯ ಕಾರ್ಯಕ್ರಮದ ಮೇಲೆಯೇ ಹೊಸದನ್ನು ಮುದ್ರಿಸಿಕೊಂಡವು. ಉಳಿದ ಟೇಪಿನ ಅಂಟು ತೇವ ಹೀರಿ ಸುಲಿಯುತ್ತದೆ. ಟೇಪು ಚೆನ್ನಾಗಿದ್ದರೆ ಅದನ್ನು ಓಡಿಸುವ ಯಂತ್ರ ಸಿಗುವುದಿಲ್ಲ. ನಿಮ್ಮ ಮೊಬೈಲಿನಲ್ಲಿರುವ ಚಿತ್ರಗಳೂ ಇದಕ್ಕೆ ಹೊರತಲ್ಲ. ಫೋನು ಕೆಟ್ಟ ದಿನ ಅವೂ ಹೋಗುತ್ತವೆ.

ಜನ ಹೊರಟುಹೋದ ಮೇಲೆ

ಕೊಚ್ಚಿಯ ಯಹೂದಿಗಳ ಕತೆ ನಿಮಗೆ ಗೊತ್ತಿರಬಹುದು. ಕ್ರಿ.ಶ. 1000ದ ಸುಮಾರಿಗೆ ಚೇರ ದೊರೆ ಭಾಸ್ಕರ ರವಿವರ್ಮ ಜೋಸೆಫ್ ರಬ್ಬಾನ್ ಎಂಬ ಯಹೂದಿ ಪ್ರಮುಖನಿಗೆ ಹಕ್ಕುಗಳನ್ನು ಕೊಟ್ಟು ತಾಮ್ರಪಟ ಬರೆಸಿದ. ಆ ಸಮುದಾಯ ಅದನ್ನು ಕಣ್ಣಿನಂತೆ ಕಾಪಾಡಿಕೊಂಡು ಬಂತು. ಮಟ್ಟಾಂಚೇರಿಯ ಪರದೇಶಿ ಮಂದಿರ ಕಟ್ಟಿದ್ದು 1568ರಲ್ಲಿ. ಇಸ್ರೇಲ್ ದೇಶ 1948ರಲ್ಲಿ ಹುಟ್ಟಿದ ಮೇಲೆ ಬಹುಪಾಲು ಜನ ಅಲ್ಲಿಗೆ ಹೊರಟುಹೋದರು. ಈಗ ಆ ಬೀದಿಯಲ್ಲಿ ಮಂದಿರವಿದೆ, ನೋಡಲು ಬರುವವರಿದ್ದಾರೆ, ಪ್ರಾರ್ಥಿಸುವವರು ಬೆರಳೆಣಿಕೆಗೆ ಇಳಿದಿದ್ದಾರೆ.

ಬೆಂಗಳೂರಿನಲ್ಲೂ ಒಂದು ಸಣ್ಣ ಯಹೂದಿ ಸಮುದಾಯವಿತ್ತು. ಕಮರ್ಷಿಯಲ್ ಸ್ಟ್ರೀಟಿನ ರೂಬೆನ್ ಮೋಸೆಸ್ ಅವರ ಪಾದರಕ್ಷೆ ಅಂಗಡಿಯನ್ನು ಹಳೆಯ ಬೆಂಗಳೂರಿಗರು ಬಲ್ಲರು. ಮೈಸೂರು ರಸ್ತೆಯ ಗೋರಿಪಾಳ್ಯದ ಕಡೆ ಅವರ ಸ್ಮಶಾನವಿದೆ. ಕಲ್ಲಿನ ಮೇಲೆ ಹೆಸರು ಮತ್ತು ತಾರೀಖು ಉಳಿಯುತ್ತದೆ. ಆದರೆ ಆ ಮನುಷ್ಯ ಯಾವ ಊರಿನಿಂದ ಬಂದ, ಯಾರೊಡನೆ ವ್ಯಾಪಾರ ಮಾಡಿದ, ಹಬ್ಬಕ್ಕೆ ಏನು ಅಡಿಗೆ ಮಾಡಿಸಿದ ಎಂಬುದು ಸಮಾಧಿ ಕಲ್ಲಿನಲ್ಲಿ ಇರುವುದಿಲ್ಲ.

ಹುಣಸೂರಿನ ಗುರುಪುರ

ಈಗ ಮತ್ತೆ ನಿಮ್ಮ ಊರಿನ ಕಡೆ ಬನ್ನಿ. 1959ರ ಮಾರ್ಚಿನಲ್ಲಿ ಲಾಸಾದಲ್ಲಿ ದಂಗೆಯಾಗಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಅಂದಿನ ಮೈಸೂರು ರಾಜ್ಯ ಅವರಿಗೆ ನೆಲ ಕೊಟ್ಟಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರಲ್ಲಿ ಮೊದಲ ನೆಲೆ ಆರಂಭವಾಯಿತು. ಅನಂತರ ಉತ್ತರ ಕನ್ನಡದ ಮುಂಡಗೋಡು, ನಿಮ್ಮ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ ಇಲ್ಲೆಲ್ಲ ನೆಲೆಗಳಾದವು. ಟಿಬೆಟಿನಲ್ಲಿ 1433ರಲ್ಲಿ ಸ್ಥಾಪನೆಯಾದ ಗ್ಯುಮೆ ತಾಂತ್ರಿಕ ಮಠದ ಭಿಕ್ಷುಗಳು ಅದನ್ನು ಮತ್ತೆ ಕಟ್ಟಿಕೊಂಡದ್ದು ಗುರುಪುರದಲ್ಲೇ. ಜೊಂಕಾರ್ ಚೋದೆ ಎಂಬ ಇನ್ನೊಂದು ಮಠವೂ ಅಲ್ಲಿದೆ.

ಹಿಮ ಬೀಳುವ ಎತ್ತರದ ಬಯಲಿನಲ್ಲಿ ಬಾರ್ಲಿ ಬೆಳೆದು ಯಾಕ್ ಮೇಯಿಸಿದವರು ಇಲ್ಲಿನ ಕಾಡಂಚಿನ ನೆಲದಲ್ಲಿ ಮುಸುಕಿನ ಜೋಳ ಬೆಳೆದರು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಅವರ ಮಕ್ಕಳು ಸಂತೆಯಲ್ಲಿ ಕನ್ನಡ ಕಲಿತರು. ಮೊದಲು ಬಂದ ತಲೆಮಾರಿನಲ್ಲಿ ಈಗ ಉಳಿದವರು ಕಡಿಮೆ, ಇರುವವರಿಗೆ ಬಹಳ ವಯಸ್ಸಾಗಿದೆ. ಮೊಮ್ಮಕ್ಕಳಲ್ಲಿ ಅನೇಕರು ಬೆಂಗಳೂರು, ಅಮೆರಿಕ, ಕೆನಡಾ ಎಂದು ಹೊರಟಿದ್ದಾರೆ. ಮಟ್ಟಾಂಚೇರಿಯ ಬೀದಿಯಲ್ಲಿ ಆದದ್ದು ಇಲ್ಲಿ ಆಗುವುದಿಲ್ಲ ಎಂದು ಯಾರೂ ಹೇಳಲಾರರು.

ಟಿಬೆಟನ್ನರು ಈ ವಿಷಯದಲ್ಲಿ ಕೈಕಟ್ಟಿ ಕೂತಿಲ್ಲ. 1970ರಲ್ಲಿ ಧರ್ಮಶಾಲೆಯಲ್ಲಿ ಗ್ರಂಥಾಲಯವನ್ನೂ ಪತ್ರಾಗಾರವನ್ನೂ ಸ್ಥಾಪಿಸಿದರು. ಅಲ್ಲಿ ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸವೂ 1970ರ ದಶಕದಲ್ಲೇ ಆರಂಭವಾಯಿತು. ತಂದ ಗ್ರಂಥಗಳು, ಮಠಗಳ ಪರಂಪರೆ, ಟಿಬೆಟಿನ ನೆನಪು ಇವೆಲ್ಲ ಅಲ್ಲಿ ಭದ್ರವಾಗಿವೆ.

ಆದರೆ ಇಲ್ಲಿನ ಅರ್ಧ ಶತಮಾನದ ಬದುಕು? ಮೊದಲು ಕಾಡು ಕಡಿದು ಮನೆ ಕಟ್ಟಿದ ವರ್ಷದ ಫೋಟೋ, ನೋಂದಣಿ ಪತ್ರ, ಸಹಕಾರ ಸಂಘದ ಜೋಳದ ಲೆಕ್ಕ, ಶಾಲೆಯ ಹಾಜರಿ ಪುಸ್ತಕ, ಊರಿಗೆ ಬರೆದು ಉತ್ತರ ಬಾರದ ಪತ್ರ. ಇದರ ಇನ್ನರ್ಧ ನಿಮ್ಮ ಮನೆಗಳಲ್ಲೇ ಇರಬಹುದು. ಅವರಿಗೆ ಸಾಲ ಕೊಟ್ಟ ಹುಣಸೂರಿನ ಅಂಗಡಿಯ ಖಾತೆ ಪುಸ್ತಕ, ಅವರ ಹೊಲದಲ್ಲಿ ಕೂಲಿ ಮಾಡಿದ ಅಜ್ಜಿಯ ನೆನಪು, ಅವರಿಗೆ ಪಾಠ ಹೇಳಿದ ಮೇಷ್ಟರ ಡೈರಿ. ಬೆನ್ ಯಿಜುವಿನ ಮಂಗಳೂರನ್ನು ನಾವು ಅವನ ಕಡೆಯ ಕಾಗದದಿಂದ ಮಾತ್ರ ನೋಡುತ್ತಿದ್ದೇವೆ. ಬೊಮ್ಮ, ಆಶು, ಆ ಕಂಚುಗಾರರು ಬರೆದದ್ದು ಒಂದು ಸಾಲೂ ಸಿಕ್ಕಿಲ್ಲ. ಯಜಮಾನ ಬರೆದಷ್ಟೇ ಅವರ ಬದುಕು ನಮಗೆ ಗೊತ್ತು. ಗುರುಪುರದ ಚರಿತ್ರೆ ಬರೆಯುವವರಿಗೆ ಹಾಗಾಗಬಾರದು. ಟಿಬೆಟನ್ನರ ಮಾತೂ ಇರಬೇಕು, ಸುತ್ತಲ ಹಳ್ಳಿಯವರ ಮಾತೂ ಇರಬೇಕು, ಅದೇ ಕಾಡಿನಲ್ಲಿ ಬಾಳಿದ ಜೇನುಕುರುಬರ ಮಾತೂ ಇರಬೇಕು.

ಪತ್ರಾಗಾರ ಎಂದರೇನು?

ಗ್ರಂಥಾಲಯದಲ್ಲಿ ಇರುವುದು ಅಚ್ಚಾದ ಪುಸ್ತಕ. ಒಂದು ಪ್ರತಿ ಕಳೆದರೆ ಇನ್ನೊಂದು ಸಿಗುತ್ತದೆ. ಪತ್ರಾಗಾರದಲ್ಲಿ ಇರುವುದು ಒಂದೇ ಒಂದು ಪ್ರತಿ. ಆದ್ದರಿಂದ ಅಲ್ಲಿನ ನಿಯಮಗಳೂ ಬೇರೆ. ಯಾರ ಮನೆಯಿಂದ ಬಂದ ಕಾಗದವೋ ಅವರ ಕಟ್ಟನ್ನು ಒಡೆಯದೆ ಒಟ್ಟಿಗೇ ಇಡಬೇಕು. ಎಲ್ಲಿಂದ, ಯಾವಾಗ, ಯಾರಿಂದ ಬಂತು ಎಂದು ಬರೆದಿಡಬೇಕು. ಪಟ್ಟಿ ಮಾಡಬೇಕು. ಪಟ್ಟಿ ಇಲ್ಲದ ಪತ್ರಾಗಾರಕ್ಕೂ ಗೋದಾಮಿಗೂ ವ್ಯತ್ಯಾಸವಿಲ್ಲ. ಕೊನೆಯದಾಗಿ, ಕೇಳಿ ಬಂದವರಿಗೆ ತೋರಿಸಬೇಕು.

ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಇದೆ, ಮೈಸೂರಿನಲ್ಲಿ ಅದರ ವಿಭಾಗೀಯ ಕಚೇರಿ ಇದೆ. ಆದರೆ ಇಂಥ ಇಲಾಖೆಗಳ ಮೊದಲ ಹೊಣೆ ಸರ್ಕಾರಿ ಕಡತಗಳು. 1993ರಲ್ಲಿ ಕೇಂದ್ರ ಮಾಡಿದ ಸಾರ್ವಜನಿಕ ದಾಖಲೆಗಳ ಕಾಯ್ದೆ ಕೂಡ ಸರ್ಕಾರಿ ದಾಖಲೆಗಳನ್ನು ಕುರಿತದ್ದೇ. ನಿಮ್ಮ ನೆರೆಮನೆಯ ಟ್ರಂಕಿನಲ್ಲಿರುವ ಪತ್ರವನ್ನು ಉಳಿಸಿ ಎಂದು ಯಾವ ಕಾನೂನೂ ಹೇಳುವುದಿಲ್ಲ. ಅದು ಊರಿನವರ ಕೆಲಸ, ಶಾಲೆ ಕಾಲೇಜುಗಳ ಕೆಲಸ.

ಒಂದು ಎಚ್ಚರಿಕೆಯ ಮಾತು. ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದು ಸರಿಯಲ್ಲ. ದೇಶ ಬಿಟ್ಟು ಬಂದವರ ಬಂಧುಗಳು ಅಲ್ಲೇ ಉಳಿದಿರುತ್ತಾರೆ. ಇಲ್ಲಿ ಹೊರಬಿದ್ದ ಒಂದು ಹೆಸರು ಅಲ್ಲಿ ಒಬ್ಬರಿಗೆ ಆಪತ್ತು ತರಬಹುದು. ಆದ್ದರಿಂದ ಒಪ್ಪಿಗೆ ಪಡೆಯಬೇಕು. ಇಷ್ಟು ವರ್ಷ ತೆರೆಯಬೇಡಿ ಎಂದರೆ ಆ ಮಾತನ್ನು ಉಳಿಸಿಕೊಳ್ಳಬೇಕು. ಬೆನ್ ಯಿಜುವನ್ನು ಕೇಳುವ ಅವಕಾಶ ಯಾರಿಗೂ ಇರಲಿಲ್ಲ. ನಿಮಗೆ ಇದೆ.

ನೀವು ಮಾಡಬಹುದಾದದ್ದು

ಕೆಲಸ ದೊಡ್ಡದು, ಆದರೆ ಆರಂಭಕ್ಕೆ ಹೆಚ್ಚು ಖರ್ಚಿಲ್ಲ. ಮೊದಲು ನಿಮ್ಮ ಬೀದಿಯ ಅತಿ ಹಿರಿಯರ ಬಳಿ ಹೋಗಿ. ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ಮಾತನ್ನು ಮುದ್ರಿಸಿಕೊಳ್ಳಿ. ಚರಿತ್ರೆ ಹೇಳಿ ಎಂದು ಕೇಳಬೇಡಿ, ನಮಗೇನು ಗೊತ್ತು ಎಂದುಬಿಡುತ್ತಾರೆ. ಮೊದಲ ಮನೆಗೆ ಛಾವಣಿ ಯಾವುದಿತ್ತು, ನೀರು ಎಲ್ಲಿಂದ ತಂದಿರಿ, ಮೊದಲು ಕಲಿತ ಕನ್ನಡ ಮಾತು ಯಾವುದು ಎಂದು ಕೇಳಿ. ಆಗ ಚರಿತ್ರೆ ತಾನಾಗಿ ಬರುತ್ತದೆ. ದಿನಾಂಕ, ಸ್ಥಳ, ಹೇಳಿದವರ ಹೆಸರನ್ನು ಅಂದೇ ಬರೆದಿಡಿ.

ಫೋಟೋ ಸಿಕ್ಕರೆ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು ಬರೆಯಿರಿ, ಬಾಲ್ ಪೆನ್ ಬೇಡ. ಹರಿದ ಕಾಗದಕ್ಕೆ ಅಂಟುಪಟ್ಟಿ ಹಚ್ಚಬೇಡಿ, ಅದರ ಗೋಂದು ಕಾಗದವನ್ನು ತಿನ್ನುತ್ತದೆ. ಗುಂಡುಪಿನ್ನು ತುಕ್ಕು ಹಿಡಿಯುತ್ತದೆ, ತೆಗೆದುಬಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ತೇವ ಒಳಗೇ ಉಳಿಯುತ್ತದೆ. ಗಾಳಿಯಾಡುವ ಪೆಟ್ಟಿಗೆ ಮೇಲು, ಅದೂ ನೆಲದಿಂದ ಎತ್ತರದಲ್ಲಿ. ಮುದ್ರಿಸಿಕೊಂಡದ್ದನ್ನು ಮೂರು ಪ್ರತಿ ಮಾಡಿ ಬೇರೆ ಬೇರೆ ಜಾಗದಲ್ಲಿಡಿ, ಒಂದು ಕಾಲೇಜಿನ ಗ್ರಂಥಾಲಯದಲ್ಲಿರಲಿ. ಮೂಲ ಕಾಗದ ಮಾತ್ರ ಮನೆಯವರದೇ. ಅವರು ಕೊಡಲೊಪ್ಪದಿದ್ದರೆ ಚಿತ್ರ ತೆಗೆದುಕೊಂಡು ಹಿಂದಿರುಗಿಸಿ.

ಹುಣಸೂರು, 'ಹೆಗ್ಗಡದೇವನಕೋಟೆ ಕಡೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಅಚ್ಚು ಮಾಡಿಸಿ ನೂರು ವರ್ಷದ ಮೇಲಾಯಿತು. ಕಲ್ಲು ಹೇಳಿದ್ದು ಹಾಗೆ ಪುಸ್ತಕಕ್ಕೆ ಸೇರಿತು. ಕಾಗದ ಹೇಳುವುದನ್ನೂ ನಾಲಗೆ ಹೇಳುವುದನ್ನೂ ಸೇರಿಸುವ ಕೆಲಸ ಬಾಕಿ ಇದೆ.

ಕೈರೋದಲ್ಲಿ ಕಾಗದ ಉಳಿದದ್ದು ಬಹುಮಟ್ಟಿಗೆ ಅದೃಷ್ಟದಿಂದ. ಹೂಳುವುದನ್ನು ಜನ ಮರೆತರು, ಮಳೆ ಬರಲಿಲ್ಲ, ಶೆಕ್ಟರ್ ಸಮಯಕ್ಕೆ ಹೋದರು. ಹುಣಸೂರಿನಲ್ಲಿ ಮಳೆ ಬರುತ್ತದೆ, ಮನೆ ಸುಣ್ಣ ಹೊಡೆಯುವಾಗ ಹಳೆಯ ಕಾಗದ ಗುಜರಿಗೆ ಹೋಗುತ್ತದೆ. ಇಲ್ಲಿ ಅದೃಷ್ಟವನ್ನು ನೆಚ್ಚಿಕೊಳ್ಳುವಂತಿಲ್ಲ. ಈ ರಜೆಯಲ್ಲಿ ಒಂದು ಮನೆಗೆ ಹೋಗಿ, ಒಂದು ಟ್ರಂಕು ತೆರೆಸಿ, ಒಂದು ಪಟ್ಟಿ ಮಾಡಿ. ಅದನ್ನು ನಿಮ್ಮ ಚರಿತ್ರೆಯ ಮೇಷ್ಟರಿಗೆ ತೋರಿಸಿ. ಗುರುಪುರದ ಪತ್ರಾಗಾರಕ್ಕೆ ಅದೇ ಮೊದಲ ಪುಟವಾಗಲಿ.